ಎರೆಮಣ್ಣಿನಲ್ಲಿ ನನ್ನ ಮುಖ, ಜೋಳದ ಗಿಡದ ಹಾಗೆ: ಮಣ್ಣು ಒಡೆಯುತ್ತಿದೆ, ಏನು ಮಾಡಲಿ?

ರೊಟ್ಟಿಮನೆ, ಹುಬ್ಬಳ್ಳಿ (ಭಾನುವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಇಲ್ಲಿ ಇದು ನನ್ನ ಮೊದಲ ಬರಹ. ಸ್ವಲ್ಪ ಉದ್ದವಾಗಿದೆ, ಆದರೂ ಪೂರ್ತಿ ಓದಿ ಉತ್ತರ ಹೇಳಿ.

ನನಗೆ 54 ವರ್ಷ. ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುತ್ತೇನೆ. 22 ವರ್ಷ ಆಯಿತು. ನನ್ನ ಜೊತೆ ಇನ್ನೂ ಮೂವರು ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ. ಕಲೆ ಅಂತ ಎಲ್ಲೂ ಕಲಿತವಳಲ್ಲ. ಚಿಕ್ಕವಳಿದ್ದಾಗ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುತ್ತಿದ್ದೆ, ಆಷಾಢದ ಮಂಗಳವಾರ ಮಣ್ಣಿನ ದೇವಿ ಗುಳ್ಳವ್ವನನ್ನು ಮಾಡುತ್ತಿದ್ದೆ. ಮಣ್ಣಿಗೂ ನನಗೂ ಇದ್ದ ನಂಟು ಅಷ್ಟೇ.

ಪುಣೆಯಲ್ಲಿರುವ ಮಗಳು ನನಗೆ ಹೇಳದೆ ಒಂದು ಆನ್‌ಲೈನ್ ಮಣ್ಣಿನ ಶಿಬಿರಕ್ಕೆ ನನ್ನ ಹೆಸರು ಕೊಟ್ಟಳು. ಆರು ಶನಿವಾರ, ಸಂಜೆ 5ರಿಂದ 7. ಝೂಮ್‌ನಲ್ಲಿ ಒಟ್ಟು ಹದಿನಾಲ್ಕು ಜನ. 5 ಕೆಜಿ ಟೆರಾಕೋಟಾ ಮಣ್ಣು, ಎರಡು ಮರದ ಚಾಕು, ಒಂದು ಸ್ಪಂಜು, ಮಣ್ಣು ಕತ್ತರಿಸುವ ತಂತಿ, ಇಷ್ಟು ಕೊರಿಯರ್‌ನಲ್ಲಿ ಬಂತು. ಮೊದಲ ವಾರ ಬಟ್ಟಲು, ಎರಡನೇ ವಾರ ಎಲೆಯ ಅಚ್ಚು. ಮೂರನೇ ವಾರ ಕಲಿಸುವವರು ನಿಜವಾದ ಕೆಲಸ ಹೇಳಿದರು: ನಿಮ್ಮ ಮುಖವನ್ನು ನೀವೇ ಮಾಡಬೇಕು. ಆದರೆ ಒಂದು ಗಿಡದ ರೂಪದಲ್ಲಿ. ನೀವು ಗಿಡವಾಗಿದ್ದರೆ ಯಾವ ಗಿಡ?

ಒಬ್ಬರು ತುಳಸಿ ಅಂದರು. ಒಬ್ಬರು ಕಮಲ. ಒಬ್ಬ ಹುಡುಗ ಆಲದ ಮರ, ಬಿಳಲೇ ಗಡ್ಡ ಅಂದ. ಅದು ನನಗೆ ಬಹಳ ಹಿಡಿಸಿತು. ನನಗೆ ಏನೂ ಹೊಳೆಯಲಿಲ್ಲ. ದಾಸವಾಳ ಅಂತ ಸುಮ್ನೆ ಒಂದು ಹೆಸರು ಹೇಳಿ ಕೂತೆ.

ಅದೇ ವಾರ ಎಳ್ಳಮಾವಾಸ್ಯೆ. ತವರಿಗೆ ಹೋದೆ. ನಮ್ಮದು ರೋಣ ತಾಲ್ಲೂಕು, ಹೊಲ ಪೂರ್ತಿ ಎರೆ ಭೂಮಿ, ಅಂದರೆ ಕರಿ ಮಣ್ಣು. ಚರಗ (ಭೂಮಿತಾಯಿಗೆ ಎಡೆ) ಚೆಲ್ಲಲು ಅವ್ವನ ಹಿಂದೆ ನಡೆಯುತ್ತಿದ್ದಾಗ ಒಂದು ಜೋಳದ ಗಿಡ ಸೀರೆಗೆ ಸಿಕ್ಕಿಕೊಂಡಿತು. ಬಗ್ಗಿ ಬಿಡಿಸಿಕೊಳ್ಳುವಾಗ ಅದರ ಬುಡ ಕಣ್ಣಿಗೆ ಬಿತ್ತು. ನೆಲದಿಂದ ಮೂರು ಬೆರಳು ಮೇಲಿನ ಗಣ್ಣಿನಿಂದ ಸುತ್ತಲೂ ಬೇರು ಹೊರಟಿದ್ದವು. ಕೆಲವು ಆಗಲೇ ಮಣ್ಣು ಹಿಡಿದಿದ್ದವು. ಕೆಲವು ಇನ್ನೂ ಗಾಳಿಯಲ್ಲಿ, ನೆಲಕ್ಕೆ ಎರಡು ಬೆರಳು ದೂರ. ಗಿಡಕ್ಕೆ ತೆನೆಯ ಭಾರ ಬಂದು ಬೀಳದಿರಲಿ ಅಂತ ಅದು ತಾನೇ ಊರುಗೋಲು ಇಳಿಸಿಕೊಳ್ಳುತ್ತದೆ. ಹುಟ್ಟಿದಾಗಿನಿಂದ ಆ ಹೊಲದಲ್ಲಿ ಓಡಾಡಿದ್ದೇನೆ, ಅಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ.

ಅಲ್ಲೇ ಕೂತು ನೋಡಿದೆ. ಹಿಂಗಾರಿ ಜೋಳ ನೋಡಿ, ಮಳೆಗಾಲ ಮುಗಿಯುತ್ತಾ ಬಂದಾಗ ಬಿತ್ತುತ್ತಾರೆ. ಆಮೇಲೆ ನೆಲದೊಳಗಿನ ತೇವ, ರಾತ್ರಿಯ ಇಬ್ಬನಿ, ಇಷ್ಟರಲ್ಲೇ ಬೆಳೆಯಬೇಕು. ಬಿಸಿಲು ಜಾಸ್ತಿ ಆದರೆ ಎಲೆ ಸುರುಳಿ ಸುತ್ತಿಕೊಳ್ಳುತ್ತದೆ. ನನ್ನ ಗಂಡ ತೀರಿಕೊಂಡಾಗ ಮಗಳಿಗೆ ಒಂಬತ್ತು ವರ್ಷ. ಕೈಯಲ್ಲಿ ಇದ್ದದ್ದು ರೊಟ್ಟಿ ಬಡಿಯುವ ಕೆಲಸ ಒಂದೇ. ಆ ಕಾಲದಲ್ಲಿ ನಾನು ಯಾರೊಂದಿಗೂ ನೆಟ್ಟಗೆ ಮಾತಾಡುತ್ತಿರಲಿಲ್ಲ. ಎಳೆ ಜೋಳ ಮೇಯ್ದರೆ ದನಕ್ಕೆ ವಿಷ, ಗೊತ್ತಲ್ವಾ, ಹಾಗಿದ್ದೆ. ಹೊಲದಲ್ಲಿ ಕೂತಾಗ ಇದೆಲ್ಲ ಒಟ್ಟಿಗೆ ನೆನಪಾಯಿತು. ದಾಸವಾಳ ಬಿಟ್ಟೆ. ಒಂದು ಗಿಡವನ್ನು ಬೇರು ಸಮೇತ ಕಿತ್ತುಕೊಂಡೆ. ಅದೇ ಹೊಲದ ಮಣ್ಣನ್ನೂ ಒಂದು ಗೊಬ್ಬರದ ಚೀಲದಲ್ಲಿ ತುಂಬಿಕೊಂಡು ಬಸ್ಸಿಗೆ ಹಾಕಿಸಿದೆ. ಕಣ್ಣಿನ ಪೊರೆ ತೆಗೆಸುವುದಿತ್ತು, ಅವ್ವನೂ ನನ್ನ ಜೊತೆಗೇ ಬಂದಳು.

ಈಗ ಕಷ್ಟಕ್ಕೆ ಬರುತ್ತೇನೆ. ಮಣ್ಣನ್ನು ನೆನೆಸಿ ರೊಟ್ಟಿ ಹಿಟ್ಟಿನ ಹಾಗೆ ಚೆನ್ನಾಗಿ ನಾದಿದೆ. ಕೈಗೆ ಎಷ್ಟು ನುಣುಪು ಅಂದರೆ ಬೆಣ್ಣೆ ಹಾಗೆ. ಒಳಗೆ ದಪ್ಪ ತಂತಿ ಬಗ್ಗಿಸಿ ಇಟ್ಟು, ಅದರ ಮೇಲೆ ಮಣ್ಣು ಮೆತ್ತಿ ತಲೆ ಮಾಡಿದೆ. ಗದ್ದದ ಕೆಳಗೆ, ಕುತ್ತಿಗೆಯ ಸುತ್ತ, ಗಣ್ಣು. ಆ ಗಣ್ಣಿನಿಂದ ಹನ್ನೊಂದು ಬೇರು ಇಳಿದು ಕೆಳಗಿನ ಹಲಗೆ ಮುಟ್ಟುತ್ತವೆ. ಕೂದಲಿನ ಜಾಗದಲ್ಲಿ ಸುರುಳಿ ಸುತ್ತಿದ ಎಲೆ. ತುರುಬಿನ ಜಾಗದಲ್ಲಿ ತೆನೆ. ತೆನೆಯ ಒಂದೊಂದು ಕಾಳನ್ನೂ ಬೇರೆ ಬೇರೆ ಉಂಡೆ ಮಾಡಿ ಕೂಡಿಸಿದೆ. ಎರಡು ರಾತ್ರಿ ಹಿಡಿಯಿತು.

ಮೂರನೇ ದಿನ ಬೆಳಿಗ್ಗೆ ನೋಡಿದರೆ ಬಲಗಿವಿಯಿಂದ ಗದ್ದದವರೆಗೆ ಸೀಳು, ಬಳೆ ತೂರುವಷ್ಟು. ಹಿಂದಲೆಯಲ್ಲಿ ಇನ್ನೊಂದು. ಹನ್ನೊಂದರಲ್ಲಿ ಏಳು ಬೇರು ಗಣ್ಣಿನ ಹತ್ತಿರವೇ ಮುರಿದು ಬಿದ್ದಿದ್ದವು. ಕಾಳು ಮುಟ್ಟಿದರೆ ಉದುರುತ್ತವೆ. ಒದ್ದೆ ಮಣ್ಣು ತುಂಬಿದೆ, ಮರುದಿನ ತುಂಬಿದ್ದೇ ಬಿಟ್ಟುಕೊಂಡಿತು.

ರೊಟ್ಟಿಯ ಅಂಚು ಸೀಳಿದರೆ ಯಾಕೆ ಅಂತ ನನಗೆ ಗೊತ್ತು. ಎಸರು ಸಾಲದು, ಇಲ್ಲ ನಾದಿದ್ದು ಸಾಲದು, ಇಲ್ಲ ಹಿಟ್ಟು ಹಳೆಯದು. ಮಣ್ಣಿಗೆ ಏನು ಸಾಲದು? ಶಿಬಿರದಲ್ಲಿ ಕೇಳಿದೆ. ಕಳಿಸಿದ ಟೆರಾಕೋಟಾ ಮಣ್ಣಿನಲ್ಲೇ ಮಾಡಿ ಅಂದರು. ಅವರು ಹೇಳಿದ್ದು ಸರಿಯೇ ಇರಬಹುದು. ಆದರೆ ನನಗೆ ಈ ಮಣ್ಣೇ ಬೇಕು. ನನ್ನ ಮುಖ, ನಮ್ಮ ಜೋಳ, ಅದು ಬೆಳೆದ ಎರೆ. ಬೇರೆ ಮಣ್ಣಿನಲ್ಲಿ ಮಾಡಿದರೆ ಯಾರದೋ ಮುಖ ಅನಿಸುತ್ತದೆ.

ಇನ್ನೊಂದು ಮಾತು. ಲ್ಯಾಪ್‌ಟಾಪ್‌ನಲ್ಲಿ ನನ್ನ ಮುಖ ನೋಡಿಕೊಂಡೇ ಮಾಡಿದ್ದು. ಆದರೂ ಏನೋ ತಪ್ಪಿದೆ. ಅವ್ವ ನೋಡಿ ಹೇಳಿದಳು: “ಮೂಗುಬಟ್ಟು ಬಲಕ್ಕ ಯಾಕ ಹೋತು? ಇದು ನೀ ಅಲ್ಲ, ಕನ್ನಡ್ಯಾಗಿನಾಕಿ.” ಮೂಗೂ ದಪ್ಪ ಆಗಿದೆ. ಇದನ್ನು ಹೇಗೆ ಸರಿ ಮಾಡುವುದು?

---

ತಿಗರಿ (ಭಾನುವಾರ, ರಾತ್ರಿ 11:15)

ಅಕ್ಕಾ, ನಮಸ್ಕಾರ್ರಿ. ನಮ್ಮದು ಕುಂಬಾರಿಕೆಯ ಮನೆತನ. ನಾನು ಖಾನಾಪುರದ ಕುಂಬಾರಿಕೆ ತರಬೇತಿ ಸಂಸ್ಥೆಯಲ್ಲೂ ಕಲಿತು ಬಂದವನು. ನಿಮ್ಮ ಕೈಯಲ್ಲಿ ತಪ್ಪಿಲ್ಲ. ಮಣ್ಣಿನ ಗುಣವೇ ಅದು.

ಎರೆಯಲ್ಲಿ ಇರುವ ಜೇಡಿ ನೀರು ಕುಡಿದು ಉಬ್ಬುವ ಜಾತಿಯದು. ಪುಸ್ತಕದಲ್ಲಿ ಮಾಂಟ್‌ಮೊರಿಲೊನೈಟ್ ಅಂತಾರೆ. ಪದರ ಪದರ ಇರುತ್ತದೆ, ಆ ಪದರಗಳ ನಡುವೆ ನೀರು ಹೋಗಿ ಕೂರುತ್ತದೆ. ಒಣಗಿದಾಗ ಆ ನೀರೆಲ್ಲ ಹೋಗಿ ಮಣ್ಣು ಕುಗ್ಗುತ್ತದೆ. ಬೇಸಿಗೆಯಲ್ಲಿ ನಿಮ್ಮ ಹೊಲದಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದಲ್ಲ, ಅದೇ ಬಿರುಕು ಮೂರ್ತಿಯಲ್ಲೂ ಬಂದಿದೆ. ಮಣ್ಣೆತ್ತು ಚಿಕ್ಕದು, ಗಿಡ್ಡ, ಮೈಗೆ ಅಂಟಿದ ಕಾಲು. ಅದಕ್ಕೆ ಅಷ್ಟು ತೊಂದರೆ ಇಲ್ಲ. ತಲೆಯಷ್ಟು ದೊಡ್ಡದಕ್ಕೆ ಬರೀ ಎರೆ ನಡೆಯುವುದಿಲ್ಲ. ನಮ್ಮ ಅಪ್ಪ ಅದನ್ನು ಒಂಟಿಯಾಗಿ ಮುಟ್ಟುತ್ತಲೇ ಇರಲಿಲ್ಲ.

ಹಾಗಂತ ಬಿಡಬೇಕಿಲ್ಲ. ಬೆರೆಸಿ. ಒಂದು ಪಾಲು ಎರೆ, ಎರಡು ಪಾಲು ಕೆರೆಯ ಜೇಡಿ, ಇಲ್ಲ ಶಿಬಿರದವರು ಕಳಿಸಿದ ಟೆರಾಕೋಟಾ ಮಣ್ಣು. ಇದಕ್ಕೆ ಅರ್ಧ ಪಾಲು ಸಣ್ಣ ಮರಳು ಮತ್ತು ಸುಟ್ಟ ಇಟ್ಟಿಗೆಯ ಪುಡಿ. ಈ ಪುಡಿ ಒಮ್ಮೆ ಬೆಂದದ್ದು, ಮತ್ತೆ ಕುಗ್ಗುವುದಿಲ್ಲ. ನಡುನಡುವೆ ಕೂತು ಮಣ್ಣಿಗೆ ಆಸರೆ ಕೊಡುತ್ತದೆ. ನಮ್ಮ ಹಿರಿಯರು ಕುದುರೆ ಲದ್ದಿ, ಬೂದಿ ಬೆರೆಸುತ್ತಿದ್ದರು. ಲದ್ದಿಯ ನಾರು ಮಣ್ಣನ್ನು ಹಿಡಿದಿಡುತ್ತದೆ.

ಮಾಡುವ ಮೊದಲು ಪರೀಕ್ಷೆ ಮಾಡಿ. ಬೆರಳು ದಪ್ಪದ ಪಟ್ಟಿ ತಟ್ಟಿ, ಹಸಿ ಇದ್ದಾಗಲೇ ಮೇಲೆ ಸ್ಕೇಲ್ ಇಟ್ಟು ಸರಿಯಾಗಿ 10 ಸೆಂಮೀ ಗೀಟು ಎಳೆಯಿರಿ. ನೆರಳಲ್ಲಿ ಒಣಗಲಿ. ಆಮೇಲೆ ಗೀಟನ್ನು ಅಳೆಯಿರಿ. 9.3 ಬಂದರೆ ಆ ಮಣ್ಣು ನೂರಕ್ಕೆ ಏಳು ಕುಗ್ಗಿತು ಅಂತ. ಅಷ್ಟರೊಳಗೆ ಇದ್ದರೆ ಧೈರ್ಯವಾಗಿ ಮಾಡಿ.

ತಂತಿ ಮಾತ್ರ ತೆಗೆದುಬಿಡಿ ಅಕ್ಕಾ. ಮಣ್ಣು ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ. ಒಳಗೆ ಅದು ಅಡ್ಡ ನಿಂತರೆ ಮಣ್ಣು ಹೊರಗೆ ಸೀಳಲೇಬೇಕು. ಕಿವಿಯಿಂದ ಗದ್ದಕ್ಕೆ ಬಂದ ಸೀಳು ಬಹುಶಃ ಅದರದ್ದೇ. ತಂತಿಯ ಬದಲು ಹಳೆಯ ಪೇಪರನ್ನು ಉಂಡೆ ಕಟ್ಟಿ ಅದರ ಮೇಲೆ ಮೆತ್ತಿ. ಮಣ್ಣು ಕುಗ್ಗಿದರೆ ಪೇಪರೂ ಒಳಗೆ ಜಗ್ಗುತ್ತದೆ. ಮೇಲ್ಮೈ ಸ್ವಲ್ಪ ಗಟ್ಟಿಯಾದಾಗ, ಬೆರಳೊತ್ತಿದರೆ ಗುರುತು ಬೀಳದ ಹದದಲ್ಲಿ, ನಡುನೆತ್ತಿಯಿಂದ ಹಿಂದಕ್ಕೆ ಮಣ್ಣು ಕತ್ತರಿಸುವ ತಂತಿಯಲ್ಲಿ ಕೊಯ್ದು ತಲೆಯನ್ನು ಎರಡು ಹೋಳು ಮಾಡಿ. ಪೇಪರ್ ತೆಗೆದು, ಒಳಗೆ ಕೆರೆದು, ಗೋಡೆಯನ್ನು ಎಲ್ಲ ಕಡೆ ನಿಮ್ಮ ಕಿರುಬೆರಳ ದಪ್ಪಕ್ಕೆ ತನ್ನಿ. ಸಮ ಇರುವುದು ಮುಖ್ಯ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೆ ತೆಳುವಾದದ್ದು ಮೊದಲು ಒಣಗಿ ಜಗಳ ಶುರು. ಮತ್ತೆ ಕೂಡಿಸುವಾಗ ಎರಡೂ ಅಂಚಿಗೆ ಗೀರು ಹಾಕಿ, ಅದೇ ಮಣ್ಣಿನ ರಾಡಿ ಹಚ್ಚಿ, ಒತ್ತಿ. ಕೆಳಗೆ ಹೆಬ್ಬೆರಳು ಹೋಗುವಷ್ಟು ತೂತು ಇರಲಿ.

ಬೇರು ಮುರಿದದ್ದೂ ಹೀಗೆಯೇ. ಗಣ್ಣು ಹಸಿ ಇತ್ತು, ಬೇರು ತೆಳು, ರಾತ್ರಿಯೇ ಒಣಗಿತು. ಬೇರಿಗೆ ಒದ್ದೆ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ. ಒಂದು ವಾರ ಹತ್ತು ದಿನ ನಿಧಾನ ಒಣಗಲಿ. ದಿನಾ ಸ್ವಲ್ಪ ಹೊತ್ತು ತೆರೆದಿಡಿ. ಮೂರ್ತಿಯ ಕೆಳಗೆ ಪೇಪರ್ ಹಾಕಿಡಿ, ಕುಗ್ಗುವಾಗ ಹಲಗೆಗೆ ಅಂಟದೆ ಜಾರುತ್ತದೆ.

ಸುಡುವುದಿದ್ದರೆ ಇನ್ನೊಂದು ಎಚ್ಚರ. ಎರೆಯಲ್ಲಿ ಸುಣ್ಣದ ಹರಳು ಇರುತ್ತವೆ. ಬೆಂಕಿಯಲ್ಲಿ ಅದು ಸುಟ್ಟ ಸುಣ್ಣ ಆಗುತ್ತದೆ. ಹೊರಗೆ ಬಂದ ಮೇಲೆ ಗಾಳಿಯ ತೇವ ಕುಡಿದು ಉಬ್ಬಿ ಮೇಲಿನ ಮಣ್ಣನ್ನು ಚಕ್ಕೆ ಎಬ್ಬಿಸುತ್ತದೆ. ಅದಕ್ಕೆ ಮಣ್ಣನ್ನು ನೀರಲ್ಲಿ ಕದಡಿ, ತೆಳು ಬಟ್ಟೆಯಲ್ಲಿ ಸೋಸಿ, ಆಮೇಲೆ ಬಸಿದು ಬಳಸಿ. ಕಪ್ಪು ಬಣ್ಣವೂ ಉಳಿಯುವುದಿಲ್ಲ, ಕೆಂಪಗಾಗುತ್ತದೆ. ಕಪ್ಪೇ ಬೇಕು ಅಂದರೆ ಆವಿಗೆಯ (ಕುಂಬಾರರ ಭಟ್ಟಿಯ) ಗಾಳಿ ಮುಚ್ಚಿ ಹೊಗೆ ಹಿಡಿಸಬೇಕು. ಅದು ಬೇರೆ ಕೆಲಸ.

ಒಡೆದ ತಲೆಯನ್ನು ಎಸೆಯಬೇಡಿ. ಪೂರ್ತಿ ಒಣಗಿಸಿ ಬಕೆಟ್ ನೀರಿಗೆ ಹಾಕಿ. ಸುಡದ ಮಣ್ಣು ಯಾವತ್ತೂ ಹಾಳಾಗುವುದಿಲ್ಲ.

---

ಬಣ್ಣದ ಡಬ್ಬಿ (ಸೋಮವಾರ, ಮಧ್ಯಾಹ್ನ 2:05)

ಮೇಡಂ, ನಾನು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ಮಣ್ಣಿನ ವಿಷಯ ತಿಗರಿಯವರು ಹೇಳಿದ ಮೇಲೆ ನಾನು ಸೇರಿಸುವುದು ಏನೂ ಇಲ್ಲ. ಮುಖದ ಬಗ್ಗೆ ಹೇಳುತ್ತೇನೆ.

ನಿಮ್ಮ ತಾಯಿ ಸರಿಯಾಗಿಯೇ ಹಿಡಿದಿದ್ದಾರೆ. ಝೂಮ್ ನಮಗೆ ತೋರಿಸುವ ನಮ್ಮ ಮುಖ ಕನ್ನಡಿಯ ಮುಖ. ಉಳಿದವರಿಗೆ ನೆಟ್ಟಗೆ ಕಾಣುತ್ತದೆ, ನಮಗೆ ಮಾತ್ರ ತಿರುವುಮುರುವು. ನಿಮ್ಮ ಎಡಮೂಗಿನ ಬಟ್ಟು ಪರದೆಯಲ್ಲಿ ನಿಮ್ಮ ಎಡಗೈ ಕಡೆಗೇ ಕಂಡಿರುತ್ತದೆ. ಆದರೆ ಎದುರಿಗೆ ಕೂರಿಸಿದ ಮೂರ್ತಿಯಲ್ಲಿ ನಿಮ್ಮ ಎಡಗೈ ಕಡೆ ಇರುವುದು ಅದರ ಬಲಮೂಗು. ಹುಬ್ಬು, ಬೈತಲೆ, ನಗುವಾಗ ಮೇಲೇಳುವ ತುಟಿಯ ತುದಿ, ಎಲ್ಲವೂ ಹೀಗೆಯೇ ಅದಲುಬದಲಾಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವಿಡಿಯೊ ಕಡೆ ಹೋಗಿ ಮಿರರ್ ಅನ್ನುವುದನ್ನು ತೆಗೆದುಬಿಡಿ.

ಮೂಗು ದಪ್ಪ ಬಂದದ್ದಕ್ಕೂ ಕಾರಣ ಇದೆ. ಲ್ಯಾಪ್‌ಟಾಪ್‌ಗೆ ತೀರಾ ಹತ್ತಿರ ಕೂತರೆ ಕ್ಯಾಮೆರಾಗೆ ಮೂಗು ಹತ್ತಿರ, ಕಿವಿ ದೂರ. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ. ಯಾರಿಗಾದರೂ ಫೋನ್ ಕೊಟ್ಟು ಆರು ಅಡಿ ದೂರದಿಂದ, ಝೂಮ್ ಮಾಡಿ ಫೋಟೊ ತೆಗೆಸಿ. ಎದುರಿನಿಂದ, ಎರಡೂ ಪಕ್ಕದಿಂದ, ಹಿಂದಿನಿಂದ. ಫೋನು ನಿಮ್ಮ ಕಣ್ಣಿನ ಎತ್ತರದಲ್ಲಿ ಇರಲಿ. ಆಮೇಲೆ ಅಳತೆಗೆ ನಿಮ್ಮ ಕೈಯೇ ಸಾಕು. ತಲೆಯ ನೆತ್ತಿಯಿಂದ ಗದ್ದದವರೆಗಿನ ಸರಿ ಅರ್ಧಕ್ಕೆ ಕಣ್ಣು ಬರುತ್ತದೆ. ಹೊಸಬರೆಲ್ಲ ಕಣ್ಣನ್ನು ಮೇಲೆ ಹಾಕುತ್ತಾರೆ, ಹಣೆ ಚಿಕ್ಕದಾಗುತ್ತದೆ.

ಇನ್ನು ಗಿಡದ ವಿಷಯ. ಬೇರನ್ನು ಗದ್ದದ ಕೆಳಗೆ ಇಟ್ಟಿದ್ದೀರಲ್ಲ, ಅದು ನನ್ನನ್ನು ನಿನ್ನೆ ರಾತ್ರಿಯಿಂದ ಬಿಟ್ಟಿಲ್ಲ. ಬಹಳ ಜನ ಮುಖ ಮಾಡಿ ಅದರ ಮೇಲೆ ಎಲೆ ಹೂ ಅಂಟಿಸುತ್ತಾರೆ. ಅದು ಸಿಂಗಾರ ಆಗುತ್ತದೆ. ಇಟಲಿಯ ಚಿತ್ರಕಾರ ಅರ್ಚಿಂಬೋಲ್ಡೊ ಹದಿನಾರನೇ ಶತಮಾನದಲ್ಲೇ ಹಣ್ಣು ತರಕಾರಿಗಳಿಂದಲೇ ಮುಖ ಕಟ್ಟಿದ. ರಾಜನನ್ನೂ ಬಿಡಲಿಲ್ಲ. ಎರಡನೇ ರುಡಾಲ್ಫ್ ಚಕ್ರವರ್ತಿಗೆ ಪಿಯರ್ ಹಣ್ಣಿನ ಮೂಗು, ಸೇಬು ಪೀಚು ಕೆನ್ನೆ. ಅವನದು ಜಾಣತನದ ಚಿತ್ರ, ನೋಡಿ ಖುಷಿಪಡಬಹುದು. ನನಗೆ ಅದಕ್ಕಿಂತ ಹತ್ತಿರ ಅನಿಸುವವರು ನಮ್ಮವರೇ ಆದ ಶಿಲ್ಪಿ ಮೃಣಾಲಿನಿ ಮುಖರ್ಜಿ (1949–2015). ಬರೋಡಾದಲ್ಲಿ ಕಲಾವಿದ ಕೆ.ಜಿ. ಸುಬ್ರಮಣ್ಯನ್ ಅವರ ಹತ್ತಿರ ಕಲಿತವರು. ಮೊದಲು ಸೆಣಬಿನಂಥ ನಾರಿನ ಹಗ್ಗ ಗಂಟು ಹಾಕಿ ಆಳೆತ್ತರದ ಮೂರ್ತಿ ಮಾಡಿದರು, ಆಮೇಲೆ ಮಣ್ಣಿಗೆ ಬಂದರು, ಕೊನೆಗೆ ಕಂಚಿಗೆ. ಅವರ ಕೆಲಸದಲ್ಲಿ ಇದು ಮೊಗ್ಗೋ, ಮೈಯೋ, ದೇವರೋ ಅಂತ ಬೇರೆ ಮಾಡಿ ಹೇಳಲು ಬರುವುದಿಲ್ಲ. ಗಿಡ ಹೇಗೆ ಬೆಳೆಯುತ್ತದೋ ಹಾಗೆ ಮೈ ಬೆಳೆದಿರುತ್ತದೆ.

ನಿಮ್ಮ ಗಣ್ಣು ಮತ್ತು ಬೇರು ಆ ದಾರಿಯಲ್ಲೇ ಇದೆ. ತುರುಬಿನ ಜಾಗದ ತೆನೆ ಮಾತ್ರ ನನಗೆ ಅಷ್ಟು ಒಪ್ಪಲಿಲ್ಲ. ಅದು ಮುಡಿದ ಹೂವಿನ ಹಾಗೆ ಕಾಣಬಹುದು. ಇದು ನನ್ನ ಅಭಿಪ್ರಾಯ ಅಷ್ಟೇ. ಮಾಡುವವರು ನೀವು.

---

ಲೀಡ್ಸ್‌ನಿಂದ ಶಿರಸಿ ಹುಡುಗಿ (ಸೋಮವಾರ, ರಾತ್ರಿ 11:50)

ಅಕ್ಕ, ನಾನು ಇಲ್ಲಿ ಹೋದ ವರ್ಷ ಇಂಥದ್ದೇ ಆನ್‌ಲೈನ್ ಶಿಬಿರ ಮಾಡಿದ್ದೆ. ನನ್ನದು ಅಪ್ಪೆಮಿಡಿ ಮಾವಿನ ಮರ. ಅಡುಗೆಮನೆಯ ಮೇಜಿನ ಮೇಲೆ ಮಾಡಿ, ಬೇಗ ಒಣಗಲಿ ಅಂತ ಹೀಟರ್ ಪಕ್ಕ ಇಟ್ಟೆ. ಮರುದಿನ ಹಣೆ ಎರಡು ಹೋಳು. ಹಾಗಾಗಿ ತಿಗರಿ ಅಣ್ಣ ಹೇಳಿದ ಪ್ಲಾಸ್ಟಿಕ್ ಹೊದಿಕೆ ಬಹಳ ಮುಖ್ಯ.

ಕಾಳು ಉದುರುವುದಕ್ಕೆ ಒಂದು ಉಪಾಯ. ಹಳೆಯ ಪೇಪರ್ ಅಥವಾ ಟಿಶ್ಯೂ ನೀರಲ್ಲಿ ನೆನೆಸಿ, ಮಿಕ್ಸಿಯಲ್ಲಿ ರುಬ್ಬಿ, ಹಿಂಡಿ, ರಾಡಿಯ ಜೊತೆ ಕಲಸಿ. ಮೂರು ಪಾಲು ರಾಡಿಗೆ ಒಂದು ಪಾಲು ಪೇಪರ್. ಪೇಪರಿನ ನಾರು ಮಣ್ಣನ್ನು ಹಿಡಿದುಕೊಳ್ಳುತ್ತದೆ. ಇದರಲ್ಲಿ ಒಣಗಿದ ತುಂಡಿಗೂ ಹಸಿ ತುಂಡು ಅಂಟುತ್ತದೆ. ಮಾಡಿದ್ದನ್ನು ಬೇಗ ಬಳಸಿ, ಇಟ್ಟರೆ ನಾತ ಬರುತ್ತದೆ.

ಇನ್ನೊಂದು ನನ್ನ ಮನಸ್ಸಿನ ಮಾತು. ಸುಡಲೇಬೇಕಾ? ಮಣ್ಣೆತ್ತನ್ನು ಯಾರೂ ಸುಡುವುದಿಲ್ಲವಲ್ಲ. ಬಿರುಕು ಬಿಟ್ಟ ಮುಖವನ್ನೇ ತಗೊಂಡು ಹೋಗಿ ಆ ಹೊಲದ ಬದುವಿನಲ್ಲಿ ಇಟ್ಟರೆ ಮಳೆಗಾಲಕ್ಕೆ ಮತ್ತೆ ಎರೆಯೇ ಆಗುತ್ತದೆ. ನನಗೆ ಇಲ್ಲಿ ಅದು ಸಾಧ್ಯ ಇರಲಿಲ್ಲ. ಇದ್ದಿದ್ದರೆ ಹಾಗೇ ಮಾಡುತ್ತಿದ್ದೆ.

---

ರೊಟ್ಟಿಮನೆ, ಹುಬ್ಬಳ್ಳಿ (ಎಂಟು ದಿನದ ಮೇಲೆ)

ಎಲ್ಲರ ಮಾತನ್ನೂ ಅವ್ವನಿಗೆ ಓದಿ ಹೇಳಿದೆ. ತಿಗರಿ ತಮ್ಮಾ, ಗೀಟಿನ ಪರೀಕ್ಷೆ ಮಾಡಿದೆ. ನಾಲ್ಕು ಪಟ್ಟಿ. ಬರೀ ಎರೆ 10ರಿಂದ 8.6ಕ್ಕೆ ಇಳಿಯಿತು, ಪಟ್ಟಿಯೂ ಬಾಗಿತು. ಅರ್ಧಕ್ಕರ್ಧ ಬೆರೆಸಿದ್ದು 9. ನೀವು ಹೇಳಿದ ಹಾಗೆ ಒಂದಕ್ಕೆ ಎರಡು, ಜೊತೆಗೆ ಮರಳು ಮತ್ತು ಇಟ್ಟಿಗೆ ಪುಡಿ, 9.3. ಬರೀ ಟೆರಾಕೋಟಾ 9.4. ಇಷ್ಟು ದಿನ ರೊಟ್ಟಿ ಹಿಟ್ಟಿನ ಹದ ಕೈಗೆ ಗೊತ್ತು ಅಂತಿದ್ದೆ, ಅಳೆದು ನೋಡಿರಲಿಲ್ಲ. ಈಗ ಹಿಟ್ಟಿಗೂ ಎಸರು ಅಳೆದು ಹಾಕಲು ಶುರು ಮಾಡಿದ್ದೇನೆ, ಹೊಸದಾಗಿ ಬಂದ ಹುಡುಗಿಗೆ ಕಲಿಸುವುದು ಸುಲಭವಾಯಿತು.

ಒಡೆದ ತಲೆಯನ್ನು ನೀರಿಗೆ ಹಾಕುವುದಕ್ಕೆ ಎರಡು ದಿನ ಮನಸ್ಸು ಬರಲಿಲ್ಲ. ಕೊನೆಗೆ ಶುಕ್ರವಾರ ರೊಟ್ಟಿ ಕೆಲಸ ಮುಗಿದ ಮೇಲೆ ಹಾಕಿದೆ. ಇಟ್ಟ ಕೂಡಲೇ ಸೊಂಯ್ ಅಂತ ಸದ್ದು, ಗುಳ್ಳೆ ಮೇಲೆ ಗುಳ್ಳೆ. ಮೊದಲು ಕೆನ್ನೆ ಪದರ ಪದರವಾಗಿ ಜಾರಿತು. ಬಿರುಕು ಅಗಲವಾಗಿ ತಲೆ ತಾನೇ ಬಿಚ್ಚಿಕೊಂಡಿತು. ತಂತಿಗೆ ಅಂಟಿದ್ದ ಮೂಗು ಬಹಳ ಹೊತ್ತು ಹಾಗೇ ಇತ್ತು. ಒಂದು ಗಂಟೆಯಲ್ಲಿ ಬಕೆಟ್ ತಳದಲ್ಲಿ ಕರಿ ರಾಡಿ, ಮೇಲೆ ತಂತಿ. ನಾನು ಅಲ್ಲಿಂದ ಎದ್ದೇ ಇರಲಿಲ್ಲ. ಆ ರಾಡಿಯನ್ನೇ ಸೋಸಿ ಹೊಸ ಮಣ್ಣಿಗೆ ಬೆರೆಸಿದ್ದೇನೆ.

ಶಿರಸಿಯ ತಂಗೀ, ಹೊಲದಲ್ಲಿ ಇಡುವ ಮಾತು ನನಗೆ ತುಂಬಾ ತಟ್ಟಿತು. ಆದರೆ ಎತ್ತನ್ನು ಪ್ರತಿ ವರ್ಷ ಮಾಡುತ್ತೇವೆ. ನನ್ನ ಮುಖವನ್ನು ನಾನು ಮಾಡುವುದು ಇದೊಂದೇ ಸಲ ಇರಬಹುದು. ಮಗಳ ಮನೆಯಲ್ಲಿ ಇರಲಿ ಅಂತ ಆಸೆ. ಅದಕ್ಕೆ ಸುಡಿಸುತ್ತೇನೆ.

ಮೇಷ್ಟ್ರೇ, ಫೋಟೊ ತೆಗೆಸಿದೆ. ನನ್ನ ತಲೆಯ ಹಿಂಭಾಗವನ್ನು ನಾನು ನೋಡಿದ್ದು ಅದೇ ಮೊದಲು. ತೆನೆಯ ಬಗ್ಗೆ ನೀವು ಹೇಳಿದ್ದನ್ನೂ ಯೋಚಿಸಿದೆ. ತುರುಬಿನಿಂದ ತೆಗೆದಿದ್ದೇನೆ. ಈಗ ನೆತ್ತಿಯೇ ನಿಧಾನವಾಗಿ ಕಾಳು ಕಾಳಾಗುತ್ತಾ ತೆನೆಯಾಗುತ್ತದೆ, ಎಲ್ಲಿ ಕೂದಲು ಮುಗಿದು ತೆನೆ ಶುರು ಅಂತ ಗೊತ್ತಾಗುವುದಿಲ್ಲ. ಎಲೆಗೆ ಮಣ್ಣನ್ನು ರೊಟ್ಟಿ ಹಾಗೆ ತಟ್ಟಿ, ಮೇಲೆ ನಿಜವಾದ ಜೋಳದ ಎಲೆ ಇಟ್ಟು ಒತ್ತಿದೆ. ನಡುನರ, ಅದರ ಪಕ್ಕ ಉದ್ದಕ್ಕೆ ಓಡುವ ಸಣ್ಣ ಗೆರೆಗಳು, ಅಂಚಿನ ಗರಗಸ, ಎಲ್ಲ ಮೂಡಿತು.

---

ರೊಟ್ಟಿಮನೆ, ಹುಬ್ಬಳ್ಳಿ (ಫೆಬ್ರವರಿ ಕೊನೆ)

ಸುಟ್ಟು ಬಂತು. ಹೇಳದೆ ಇರಲು ಆಗಲಿಲ್ಲ.

ಹನ್ನೆರಡು ದಿನ ಒಣಗಿಸಿದೆ. ಒಣಗಿದೆಯೋ ಇಲ್ಲವೋ ತಿಳಿಯಲು ಕೆನ್ನೆಗೆ ಹಚ್ಚಿ ನೋಡಿ, ತಣ್ಣಗಿದ್ದರೆ ಇನ್ನೂ ನೀರಿದೆ ಅಂತ ತಿಗರಿ ಆಮೇಲೆ ಮೆಸೇಜಿನಲ್ಲಿ ಹೇಳಿದ್ದರು. ದಿನಾ ಬೆಳಿಗ್ಗೆ ಅದರ ಕೆನ್ನೆಗೆ ನನ್ನ ಕೆನ್ನೆ ಹಚ್ಚಿ ನೋಡುತ್ತಿದ್ದೆ. ಹನ್ನೆರಡನೇ ದಿನ ತಣ್ಣಗೆ ಅನಿಸಲಿಲ್ಲ. ಹತ್ತಿರದ ಊರಿನ ಕುಂಬಾರರ ಓಣಿಯಲ್ಲಿ ಬೇಸಿಗೆಯ ಹರವಿಗಳ ಜೊತೆ ಆವಿಗೆಯಲ್ಲಿ ಇಡಲು ಒಪ್ಪಿದರು. ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಆಟೋದಲ್ಲಿ ಹೋದೆ. ಅಲ್ಲಿನ ಅಜ್ಜ ಬೇರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, “ಜ್ವಾಳ ಅಲ್ಲೇನವ್ವಾ?” ಅಂದರು. ನಾನು ಹೇಳಿರಲಿಲ್ಲ. ಅಷ್ಟು ಸಾಕಾಯಿತು ನನಗೆ.

ಮೊದಲು ಸಣ್ಣ ಹೊಗೆಯಲ್ಲಿ ಬಹಳ ಹೊತ್ತು ಕಾಯಿಸಿದರು. 100 ಡಿಗ್ರಿ ದಾಟುವಾಗ ಅವಸರ ಮಾಡಿದರೆ ಒಳಗಿನ ನೀರು ಆವಿಯಾಗಿ ಸಿಡಿಯುತ್ತದೆ ಅಂತ ಶಿಬಿರದಲ್ಲೂ ಹೇಳಿದ್ದರು. ಅಜ್ಜನ ಹತ್ತಿರ ಅಳೆಯುವ ಯಂತ್ರ ಇಲ್ಲ. ಹೊಗೆಯ ಬಣ್ಣ ನೋಡಿ ಕಟ್ಟಿಗೆ ಹಾಕುತ್ತಾರೆ. ಹೊಗೆ ದಪ್ಪ ಬಿಳಿ ಇರುವಷ್ಟು ಹೊತ್ತು ಹೆಚ್ಚು ಉರಿ ಕೊಡಲಿಲ್ಲ.

ಮರುದಿನ ಮಧ್ಯಾಹ್ನ ಬೂದಿಯಿಂದ ತೆಗೆದರು. ಬಣ್ಣ ಕೆಂಪು. ಎಡಗಿವಿಯ ಹಿಂದೆ ಹೊಗೆ ತಾಗಿ ಅಂಗೈಯಷ್ಟು ಕಪ್ಪು ಉಳಿದಿದೆ. ಅದು ನಮ್ಮ ಎರೆಯ ಬಣ್ಣದ ಹಾಗೇ ಇದೆ. ಹನ್ನೊಂದು ಬೇರಿನಲ್ಲಿ ಹತ್ತು ನಿಂತಿವೆ. ಒಂದು ನೆಲ ಮುಟ್ಟದೆ ಗಾಳಿಯಲ್ಲೇ ನಿಂತಿದೆ. ಮೂಗುಬಟ್ಟು ಎಡಕ್ಕೇ ಇದೆ. ಅವ್ವನಿಗೆ ಪೊರೆ ತೆಗೆಸಿ ಎರಡು ವಾರ ಆಗಿತ್ತು. ಹತ್ತಿರ ತಂದು, ದೂರ ಇಟ್ಟು, ಮತ್ತೆ ಹತ್ತಿರ ತಂದು ನೋಡಿದಳು. ಏನೂ ಅನ್ನಲಿಲ್ಲ. ಸೆರಗಿನಿಂದ ಅದರ ಹಣೆಯ ಬೂದಿ ಒರೆಸಿದಳು.

ಒಂದು ತಪ್ಪು ನನ್ನದೇ. ಕೊನೆಯ ಬಟ್ಟಲು ಮಣ್ಣನ್ನು ಅವಸರದಲ್ಲಿ ಸೋಸದೆ ಬಳಸಿದ್ದೆ. ತಂದ ಆರನೇ ದಿನ ಬಲಗೆನ್ನೆಯ ಮೇಲೆ ಜೋಳದ ಕಾಳಿನಷ್ಟು ಚಕ್ಕೆ ಎದ್ದಿತು, ಒಳಗೆ ಬಿಳಿ ಚುಕ್ಕೆ. ತಿಗರಿ ಹೇಳಿದ ಅದೇ ಸುಣ್ಣ. ಸುಟ್ಟ ಕೂಡಲೇ ಇಡಿಯಾಗಿ ನೀರಲ್ಲಿ ಮುಳುಗಿಸಿ ನೆನೆಸಿದ್ದರೆ ತಡೆಯಬಹುದಿತ್ತು ಅಂತ ಅಜ್ಜ ಹೇಳಿದರು. ಇದು ಎಲ್ಲರಿಗೂ ಗೊತ್ತಿರಲಿ ಅಂತ ಬರೆದೆ.

ಈಗ ಅವ್ವ ತನ್ನದೂ ಮಾಡು ಅಂದಿದ್ದಾಳೆ. ಯಾವ ಗಿಡ ಅಂದೆ. ಒಂದು ಕ್ಷಣವೂ ತಡ ಮಾಡದೆ ಕುಸುಬಿ ಅಂದಳು. ದನ ನುಗ್ಗಬಾರದು ಅಂತ ಜೋಳದ ಹೊಲದ ಸುತ್ತ ಕುಸುಬಿಯ ಸಾಲು ಹಾಕುತ್ತಾರಲ್ಲ, ಮುಳ್ಳಿನ ಬೇಲಿ ಹಾಗೆ, ಅದು. ತಿಗರಿ ತಮ್ಮಾ, ಮೇಷ್ಟ್ರೇ, ಯಾರಿಗಾದರೂ ಗೊತ್ತಿದ್ದರೆ ಹೇಳಿ: ಎಲೆಯ ಅಂಚಿನ ಮುಳ್ಳು ಸೂಜಿಯಷ್ಟು ಸಣ್ಣ. ಮಣ್ಣಿನಲ್ಲಿ ಅಷ್ಟು ಸಣ್ಣದು ಮಾಡಿದರೆ ಆವಿಗೆಯಲ್ಲಿ ನಿಲ್ಲುತ್ತದಾ? ಪೇಪರ್ ಬೆರೆಸಿದ ಮಣ್ಣಿನಲ್ಲಿ ಮಾಡಲಾ?